ನೀವು ಅವಳಿಗೆ ಏನಾಗಬೇಕು?

ಕಾಫಿ ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂಬತ್ತಕ್ಕೆಲ್ಲ ದೀಪ ಆರುತ್ತದೆ. ಹಗಲಿಡೀ ಕೊಯ್ದ ಹಣ್ಣು ತೂಗಿ, ಲೆಕ್ಕ ಬರೆದು, ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಹೊದಿಸಿ ಒಳಗೆ ಬರುವಷ್ಟರಲ್ಲಿ ಮೈ ಸೋತುಹೋಗಿರುತ್ತದೆ. 2024ರ ಡಿಸೆಂಬರಿನ ಅಂಥದೊಂದು ರಾತ್ರಿ, ಹನ್ನೊಂದೂವರೆಯ ಸುಮಾರಿಗೆ, ಯಾರೋ ಹಿಂಬಾಗಿಲು ಬಡಿದರು. ಅವತ್ತು ಸಂಜೆಯೇ ಅರಣ್ಯ ಇಲಾಖೆಯವರ ಸಂದೇಶ ಮೊಬೈಲ್‌ಗೆ ಬಂದಿತ್ತು. ಪಕ್ಕದ ತೋಟದಲ್ಲಿ ಆನೆಗಳು ನಿಂತಿವೆ, ಕತ್ತಲಾದ ಮೇಲೆ ಯಾರೂ ಹೊರಗೆ ಓಡಾಡಬೇಡಿ ಎಂದು. ದಕ್ಷಿಣ ಕೊಡಗಿನ ತೋಟಗಳಲ್ಲಿ ಇರುವವರಿಗೆ ಇದು ಹೊಸತಲ್ಲ. ಅಂಥ ರಾತ್ರಿಗಳಲ್ಲಿ ನಾವು ನಾಯಿಯನ್ನೂ ಒಳಗೆ ಕಟ್ಟುತ್ತೇವೆ. ಬಾಗಿಲು ಬಡಿಯುವವರು ಯಾರೂ ಇರುವುದಿಲ್ಲ.

ತೆಗೆದರೆ ನಮ್ಮ ಲೈನ್ ಮನೆಯ, ಎಂದರೆ ತೋಟದ ಕೂಲಿಯವರು ಇರುವ ಸಾಲು ಕೋಣೆಗಳ, ಹೆಣ್ಣುಮಗಳು. ಸೊಂಟದ ಮೇಲೆ ಏಳು ವರ್ಷದ ಮಗಳು. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ, ಆ ಪಾದ ಪೂರ್ತಿ ಆನೆಯ ಲದ್ದಿ ಮೆತ್ತಿಕೊಂಡಿತ್ತು. "ಇನ್ನೂ ಬಿಸಿ ಇತ್ತು ಅಕ್ಕಾ" ಎಂದಳು. ಮೊದಲು ಹೇಳಿದ್ದು ಅದನ್ನೇ. ಎಡಗಿವಿಯಿಂದ ಇಳಿದ ರಕ್ತ ಕುತ್ತಿಗೆಯ ಹತ್ತಿರ ಒಣಗಿ ಕಪ್ಪಾಗಿತ್ತು. ಅದರ ಬಗ್ಗೆ ತಾನಾಗಿ ಏನೂ ಹೇಳಲಿಲ್ಲ, ನಾನೇ ಕೇಳಬೇಕಾಯಿತು. ಲದ್ದಿ ಬಿಸಿಯಾಗಿದೆ ಎಂದರೆ ಆನೆ ಕೂಗಳತೆಯಲ್ಲೇ ಇದೆ ಎಂದು ತೋಟದಲ್ಲಿ ದುಡಿಯುವ ಮಕ್ಕಳಿಗೂ ಗೊತ್ತು. ಅದು ಗೊತ್ತಿದ್ದೂ, ಬೆಳಕಿಲ್ಲದೆ, ಕಾಫಿ ಗಿಡಗಳ ನಡುವೆ ಮಗುವನ್ನು ಎತ್ತಿಕೊಂಡು ಅವಳು ನಡೆದು ಬಂದಿದ್ದಳು. ಅವಳು ಬಿಟ್ಟು ಬಂದ ಆ ಕೋಣೆಯಲ್ಲಿ ಏನು ನಡೆದಿರಬೇಕು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

112ಕ್ಕೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಸೌಜನ್ಯದಿಂದಲೇ ಮಾತನಾಡಿದಳು. ಊರು, ತೋಟ, ದಾರಿಯ ಗುರುತು ಎಲ್ಲ ಕೇಳಿದ ಮೇಲೆ, "ನೀವು ಅವರಿಗೆ ಏನಾಗಬೇಕು ಮೇಡಂ?" ಎಂದಳು. ಏನಾಗಬೇಕು? ನಾನು ಅವಳಿಗೆ ಸಂಬಳ ಕೊಡುವವಳು. ಅವಳು ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಹನ್ನೆರಡು ವರ್ಷದಿಂದ ಇರುವವಳು. "ಪಕ್ಕದ ಮನೆಯವಳು" ಎಂದೆ. ಮಾರನೆಯ ದಿನ ಠಾಣೆಯಲ್ಲಿ ಬರಹಗಾರರೂ ತಲೆ ಎತ್ತದೆ ಅದೇ ಪ್ರಶ್ನೆ ಕೇಳಿದರು. ಅಲ್ಲಿ ಅದೇ ಉತ್ತರ ಕೊಟ್ಟಾಗ, ಅವರು ಪೆನ್ನು ಕೆಳಗಿಟ್ಟರು.

ಆ ಪ್ರಶ್ನೆಯನ್ನು ಅವರು ಸುಮ್ಮನೆ ಕೇಳಿದ್ದಲ್ಲ ಎಂದು ನನಗೆ ತಿಳಿದದ್ದು ಆಮೇಲೆ, ಕಾನೂನನ್ನು ಕೂತು ಓದಿದಾಗ. ಗಂಡ ಮತ್ತು ಅವನ ಕಡೆಯವರು ಹೆಂಡತಿಗೆ ಕೊಡುವ ಹಿಂಸೆಯನ್ನು ಅಪರಾಧ ಎಂದು ಹೇಳಿದ 498ಎ ಕಲಂ ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ಮೂರು ವರ್ಷದ ತನಕ ಜೈಲು ಮತ್ತು ದಂಡ, ಜಾಮೀನುರಹಿತ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಕೇಳುವುದಕ್ಕೆ ಬಿಗಿಯಾಗಿಯೇ ಇದೆ. ಆದರೆ ಪೊಲೀಸರಿಗೆ ಆ ಅಧಿಕಾರ ಬರಬೇಕಾದರೆ ದೂರು ಹಿಂಸೆಗೆ ಒಳಗಾದವಳಿಂದಲೇ ಬರಬೇಕು, ಇಲ್ಲವೇ ರಕ್ತದಿಂದಲೋ ಮದುವೆಯಿಂದಲೋ ದತ್ತಿನಿಂದಲೋ ಅವಳಿಗೆ ಸಂಬಂಧಿಕರಾದವರಿಂದ ಬರಬೇಕು. ಅಂಥ ಸಂಬಂಧಿಕರು ಯಾರೂ ಇಲ್ಲದಿದ್ದರೆ ಮಾತ್ರ ರಾಜ್ಯ ಸರ್ಕಾರ ಗೊತ್ತುಪಡಿಸಿದ ಸರ್ಕಾರಿ ನೌಕರರು ಕೊಡಬಹುದು. ಪಕ್ಕದ ಮನೆಯವರ ಮಾತಿಗೆ ಅಲ್ಲಿ ಜಾಗವಿಲ್ಲ. ಇವಳ ತಾಯಿ ತೀರಿಹೋಗಿದ್ದಳು. ಇದ್ದ ಒಬ್ಬ ಅಣ್ಣ ಶುಂಠಿ ಕೆಲಸಕ್ಕೆಂದು ವಯನಾಡಿನ ಕಡೆ ಹೋದವನು ಫೋನಿಗೆ ಸಿಗುತ್ತಿರಲಿಲ್ಲ. ಕೊಡಗಿನ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಹೆಂಗಸರಿದ್ದಾರೆ. ಅವರ ರಕ್ತಸಂಬಂಧಿಕರನ್ನು ಮಧ್ಯರಾತ್ರಿ ಎಲ್ಲಿಂದ ಕರೆತರುವುದು?

ಇನ್ನೊಂದು ತೊಡಕೂ ಇದೆ. ಆ ಕಲಮಿನಲ್ಲಿ ಹಿಂಸೆ ಎಂದರೆ ಬರಿಯ ಹೊಡೆತವಲ್ಲ. ಹೆಂಗಸನ್ನು ಆತ್ಮಹತ್ಯೆಗೆ ದೂಡುವಂಥದ್ದು, ಜೀವಕ್ಕೋ ಅಂಗಕ್ಕೋ ಆರೋಗ್ಯಕ್ಕೋ ತೀವ್ರ ಅಪಾಯ ಒಡ್ಡುವಂಥದ್ದು, ಅಥವಾ ವರದಕ್ಷಿಣೆಯಂಥ ಆಸ್ತಿ ಹಣಕ್ಕಾಗಿ ಪೀಡಿಸುವಂಥದ್ದು ಆಗಿರಬೇಕು. ಕಿವಿಯ ತಮಟೆ ಹರಿದಿದೆ ಎಂದು ಸರ್ಕಾರಿ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟರು. ಕೆಳಗೆ ಷರಾ: ಸಾದಾ ಸ್ವರೂಪದ ಗಾಯ. ಸಾದಾ ಗಾಯ ಮಾಡುವುದು ಅದೇ ನ್ಯಾಯ ಸಂಹಿತೆಯ 115ನೇ ಕಲಮಿನ ಅಪರಾಧ, ಒಂದು ವರ್ಷದ ತನಕ ಜೈಲು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಠಾಣೆಯ ಭಾಷೆಯಲ್ಲಿ ಅದು ನಾನ್ ಕಾಗ್ನಿಜಬಲ್, ಚಿಕ್ಕದಾಗಿ ಎನ್‌ಸಿ. ಹೀಗೆ, ಮನೆಯೊಳಗಿನ ನೂರಕ್ಕೆ ತೊಂಬತ್ತು ಹೊಡೆತಗಳು ಈ ಎರಡು ಕಲಮುಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತವೆ ಎಂಬುದು ಠಾಣೆಯ ಬೆಂಚಿನ ಮೇಲೆ ಕೂತು ಕೂತು ನನಗೆ ಬಂದಿರುವ ಅಂದಾಜು.

ಅವತ್ತು ರಾತ್ರಿ ಜೀಪು ಬಂದದ್ದು ಒಂದೂವರೆಗೆ. ಆನೆ ಇರುವ ದಾರಿ, ಬಂದದ್ದೇ ದೊಡ್ಡದು. ಅದಕ್ಕೆ ನಾನು ಕೃತಜ್ಞಳು. ಇಬ್ಬರಲ್ಲಿ ಹಿರಿಯರು ಗಂಡನನ್ನು ಅಂಗಳದ ಆಚೆಗೆ ಕರೆದೊಯ್ದು ಹತ್ತು ನಿಮಿಷ ಬುದ್ಧಿವಾದ ಹೇಳಿದರು. ತಿರುಗಿ ಬಂದು ನನಗೆ, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಮೇಡಂ. ನಾಳೆ ಇಬ್ಬರೂ ಠಾಣೆಗೆ ಬರಲಿ" ಎಂದರು. ಮಾರನೆಯ ದಿನ ಅವನಿಂದ ಮುಚ್ಚಳಿಕೆ ಬರೆಸಿಕೊಂಡರು. ಇನ್ನು ಮುಂದೆ ಹೆಂಡತಿ ಮಗುವಿನೊಂದಿಗೆ ಅನ್ಯೋನ್ಯವಾಗಿ ಬಾಳುತ್ತೇನೆ, ತಪ್ಪಿದಲ್ಲಿ ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆ ಎಂದು. ಅವಳ ಕೈಗೆ ಒಂದು ಹಿಂಬರಹ ಬಂತು: ಅರ್ಜಿದಾರರು ಮತ್ತು ಎದುರುದಾರರು ರಾಜಿಯಾಗಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಅದು ಅವನ ಮೂರನೆಯ ಮುಚ್ಚಳಿಕೆ. ಮೊದಲಿನ ಎರಡೂ ಅದೇ ಠಾಣೆಯ ಅದೇ ಕಪಾಟಿನಲ್ಲಿ ಇರಬೇಕು. ಯಾರೂ ತೆಗೆದು ನೋಡಲಿಲ್ಲ.

ಆ ಗಾದೆಯನ್ನು ಪೊಲೀಸರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಎರಡು ವರ್ಷ ಮೊದಲು, ಮಾರ್ಚಿನ ಹೂಮಳೆ ಬಿದ್ದ ವಾರ, ಅವಳು ಕಣ್ಣು ಊದಿಸಿಕೊಂಡು ಕೆಲಸಕ್ಕೆ ಬಂದಾಗ ನಾನೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದೆ. ಕುಡಿದಾಗ ಎದುರಾಡಬೇಡ, ಬೆಳಗ್ಗೆ ಸರಿಹೋಗುತ್ತಾನೆ ಎಂದಿದ್ದೆ. ತೋಟ ಬೆಳ್ಳಗೆ ಅರಳಿ ನಿಂತಿತ್ತು, ನಮಗೆ ಫಸಲಿನ ಸಂಭ್ರಮ. ಅವಳು ತಲೆಯಾಡಿಸಿ ಹೋದಳು. ಅವಳು ಆಮೇಲೆ ಎರಡು ವರ್ಷ ನನ್ನ ಬಾಗಿಲು ಬಡಿಯದಿರಲು ನನ್ನ ಆ ಮಾತೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರ ಪ್ರಮಾಣ ದೇಶದಲ್ಲೇ ಹೆಚ್ಚು ಇದ್ದದ್ದು ನಮ್ಮ ಕರ್ನಾಟಕದಲ್ಲಿ, ಶೇ 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಯಾರದಾದರೂ ನೆರವು ಕೇಳಿದವರು ನೂರಕ್ಕೆ ಹದಿನಾಲ್ಕು ಮಂದಿ ಮಾತ್ರ. ಆ ಹದಿನಾಲ್ಕರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ, ನೆಂಟರ ಬಳಿಗೆ. ಠಾಣೆಯ ಮೆಟ್ಟಿಲು ಹತ್ತಿದವರು ತೀರಾ ಕಡಿಮೆ. ಹಾಗೆ ಹತ್ತಿದ ಒಬ್ಬಳಿಗೆ ನಾವು ಕೊಟ್ಟು ಕಳಿಸುವುದು ಹಿಂಬರಹ.

ಪತ್ರಿಕೆಯಲ್ಲಿ ಘೋರವಾದದ್ದೊಂದು ಬಂದಾಗಲೆಲ್ಲ ಶಿಕ್ಷೆ ಹೆಚ್ಚಿಸಿ ಎಂಬ ಕೂಗು ಏಳುತ್ತದೆ. ಮೂರು ವರ್ಷವನ್ನು ಏಳು ಮಾಡಿ, ಹತ್ತು ಮಾಡಿ, ಕಂಡ ತಕ್ಷಣ ಒಳಗೆ ಹಾಕಿ ಎಂದು. ಆ ಸಿಟ್ಟು ನನ್ನದೂ ಹೌದು. ಅವಳ ಕಿವಿಗೆ ಹತ್ತಿ ಇಡುತ್ತಿದ್ದಾಗ ನನ್ನ ಬಾಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೂ, ಆರು ಹೆಂಗಸರ ಜೊತೆ ಠಾಣೆಗೆ ಹೋಗಿ ಬಂದ ಮೇಲೆ, ಶಿಕ್ಷೆಯ ವರ್ಷಗಳನ್ನು ಏರಿಸುವುದರಿಂದ ಅವರಲ್ಲಿ ಒಬ್ಬಳಿಗೂ ಒಂದು ರಾತ್ರಿಯ ನಿದ್ದೆ ಸಿಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ರಾತ್ರಿ ಹತ್ತಕ್ಕೆ ಕೈ ಎತ್ತುವವನಿಗೆ ಕಲಮಿನಲ್ಲಿ ಮೂರಿದೆಯೋ ಹತ್ತಿದೆಯೋ ಗೊತ್ತಿಲ್ಲ. ಜೀಪು ಬರುತ್ತದೆ, ಹತ್ತು ನಿಮಿಷ ನಿಲ್ಲುತ್ತದೆ, ಹೋಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ವರ್ಷಗಳ ಲೆಕ್ಕ ಹಾಕುವವಳು ಹೆಂಡತಿ. ಅವನು ಒಳಗೆ ಹೋದರೆ ಕೂಲಿ ನಿಂತಿತು, ಮಗಳ ಶಾಲೆ ಏನು, ಅವನ ಅಣ್ಣತಮ್ಮಂದಿರು ಬಂದರೆ ಏನು. ಶಿಕ್ಷೆ ದೊಡ್ಡದಾದಷ್ಟೂ ಅವಳ ಬಾಯಿ ಕಟ್ಟುತ್ತದೆ.

ಬಂಧನದ ಮಾತು ಬೇರೆ, ಅದನ್ನು ಶಿಕ್ಷೆಯ ಜೊತೆ ಒಂದೇ ಉಸಿರಿನಲ್ಲಿ ಹೇಳಬಾರದು. ಠಾಣೆಯಲ್ಲಿ ನಾನು ಕೇಳಿದ ಮಾತು, "ಸುಪ್ರೀಂ ಕೋರ್ಟ್ ಬಂಧಿಸಬೇಡಿ ಎಂದಿದೆ, ನಮ್ಮ ಕೈ ಕಟ್ಟಿದೆ." ಅವರು ಹೇಳುತ್ತಿದ್ದದ್ದು 2014ರ ಜುಲೈ 2ರ ಅರ್ನೇಶ್ ಕುಮಾರ್ ತೀರ್ಪನ್ನು. 498ಎ ಅಡಿಯಲ್ಲಿ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರನ್ನೂ, ವರ್ಷಗಳಿಂದ ಹೊರದೇಶದಲ್ಲಿರುವ ನಾದಿನಿಯರನ್ನೂ ಬಂಧಿಸಲಾಗುತ್ತಿದೆ, ಆರೋಪಪಟ್ಟಿ ಸಲ್ಲಿಕೆ ಶೇ 93.6 ಇದ್ದರೂ ಶಿಕ್ಷೆಯಾಗುವುದು ಶೇ 15ರಲ್ಲಿ ಎಂದು ಆ ತೀರ್ಪು ಎತ್ತಿ ತೋರಿಸಿತು. ಯಾಂತ್ರಿಕವಾಗಿ ಬಂಧಿಸಬೇಡಿ, ಕಾರಣ ಬರೆದಿಟ್ಟು ಬಂಧಿಸಿ ಎಂದಿತು. ಅದು ಸರಿಯಾದ ಮಾತು. ಆ ಕಾರಣಗಳ ಪಟ್ಟಿಯಲ್ಲಿ ಮೊದಲನೆಯದೇ, ಆ ವ್ಯಕ್ತಿ ಮತ್ತೆ ಅಪರಾಧ ಮಾಡದಂತೆ ತಡೆಯುವುದು. ಸಾಕ್ಷಿಗಳನ್ನು ಬೆದರಿಸದಂತೆ ತಡೆಯುವುದೂ ಅದರಲ್ಲಿದೆ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲೂ ಅದೇ ಮಾತುಗಳಿವೆ. ಎರಡು ಮುಚ್ಚಳಿಕೆ ಬರೆದುಕೊಟ್ಟು ಮೂರನೆಯ ಸಲಕ್ಕೆ ಕಿವಿ ಹರಿದವನ ವಿಷಯದಲ್ಲಿ ಮತ್ತೆ ಅಪರಾಧ ಮಾಡಬಹುದು ಎಂದು ಬರೆಯಲು ಇನ್ನೆಂಥ ಸಾಕ್ಷಿ ಬೇಕು? ಕೈ ಕಟ್ಟಿರಲಿಲ್ಲ. ಕಾರಣ ಬರೆಯುವ ಒಂದು ಹಾಳೆಯ ಶ್ರಮ ಬೇಕಿತ್ತು. ಅದೂ ಬೇಡ ಎಂದರೆ, ಅಪರಾಧ ತಡೆಯುವುದಕ್ಕಾಗಿ 24 ಗಂಟೆಯ ತನಕ ಹಿಡಿದಿಡುವ ಅಧಿಕಾರ ಅದೇ ಸಂಹಿತೆಯ 170ನೇ ಕಲಮಿನಲ್ಲಿದೆ. ಹಬ್ಬದ ಮೆರವಣಿಗೆಗೆ ಮುಂಚೆ, ಚುನಾವಣೆಗೆ ಮುಂಚೆ ಇಂಥ ಮುನ್ನೆಚ್ಚರಿಕೆಯ ಕಲಮುಗಳು ಎಲ್ಲರಿಗೂ ನೆನಪಿರುತ್ತವೆ.

ಲೈನ್ ಮನೆಯ ಕಥೆ ಹೇಳಿದೆ ಎಂದು ಇದು ಬಡವರ ಮನೆಯ ವಿಷಯ ಎಂದು ಯಾರೂ ತಿಳಿಯಬಾರದು. ಕೋವಿ ನಮ್ಮ ಕೊಡಗಿನಲ್ಲಿ ಪೂಜೆಯ ವಸ್ತು. ಸೆಪ್ಟೆಂಬರಿನ ಕೈಲ್ ಪೋಳ್ದ್, ಎಂದರೆ ನಮ್ಮ ಆಯುಧ ಪೂಜೆಯ ದಿನ ತೋಕ್ ಪೂ ಎಂಬ ಹೂ ಮುಡಿಸಿ, ಗಂಧ ಹಚ್ಚಿ ಸಾಲಾಗಿ ನಿಲ್ಲಿಸುವ ಕೋವಿಗಳನ್ನು ನೋಡುತ್ತಲೇ ನಾನು ಬೆಳೆದದ್ದು. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿತು. ಆ ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ನನಗೆ ಪರಿಚಯದ, ದೊಡ್ಡ ಮನೆಯ ಒಬ್ಬ ಹೆಂಗಸು ಹೇಳಿದ್ದನ್ನು ಮರೆಯಲಾರೆ. ಅವರ ಗಂಡ ಒಂದು ದಿನವೂ ಕೈ ಮಾಡಿದವರಲ್ಲ. ಮಾತಿಗೆ ಮಾತು ಬೆಳೆದಾಗ ಎದ್ದು ಹೋಗಿ ಕೋವಿ ತಂದು, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಬಿಚ್ಚಿ, ಎಣ್ಣೆ ಹಚ್ಚಿ ಒರೆಸುತ್ತಾ ಕೂರುತ್ತಿದ್ದರು. ಒಂದೂ ಮಾತಿಲ್ಲ. ಒರೆಸಿ ಮುಗಿಯುವ ತನಕ ಇವರು ಎದುರಿನ ಕುರ್ಚಿಯಲ್ಲಿ ಕೂತಿರಬೇಕು. ಇಪ್ಪತ್ತು ವರ್ಷ ಹೀಗೆ. ಹೊಡೆತವಿಲ್ಲ, ಗಾಯವಿಲ್ಲ, ಯಾವ ಠಾಣೆಯಲ್ಲಿ ಏನೆಂದು ಬರೆಸುವುದು? ಆ ಮನೆಗೆ ಜೀಪು ಬಂದರೂ ಕಾಫಿ ಕುಡಿದು ಹೋಗುತ್ತಿತ್ತು ಎಂದು ಅವರೇ ಹೇಳಿದರು.

ಇಂಥದ್ದಕ್ಕೂ ಹೆಸರಿರುವ ಕಾನೂನು ಒಂದಿದೆ. 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಹೊಡೆತದ ಜೊತೆಗೆ ಮಾತಿನ, ಮನಸ್ಸಿನ, ಹಣದ ಹಿಂಸೆಯನ್ನೂ ಅದು ಹಿಂಸೆ ಎಂದೇ ಕರೆಯುತ್ತದೆ. ಮದುವೆಯಾಗದೆ ಸಂಸಾರ ಮಾಡುತ್ತಿರುವವರನ್ನೂ ಒಳಗೊಳ್ಳುತ್ತದೆ. ಹಿಂಸೆಗೆ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ವಶಕ್ಕೆ ಪಡೆಯುವ ದಾರಿಯೂ ಅದರ ನಿಯಮಗಳಲ್ಲಿದೆ. ಮುಖ್ಯವಾಗಿ, ಅದು ಅವಳ ಪರವಾಗಿ ದೂರು ಕೊಟ್ಟವರನ್ನು ನೀನು ಅವಳಿಗೆ ಏನಾಗಬೇಕು ಎಂದು ಕೇಳುವುದಿಲ್ಲ. ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾ ಅಧಿಕಾರಿಗೆ ತಿಳಿಸಬಹುದು. ಮ್ಯಾಜಿಸ್ಟ್ರೇಟರು ಅವನು ಹತ್ತಿರ ಸುಳಿಯಬಾರದು ಎಂದು ಆದೇಶ ಮಾಡಬಹುದು, ಮನೆಯಿಂದ ಹೊರಗೆ ಹೋಗು ಎಂದೂ ಹೇಳಬಹುದು. ಆ ರಕ್ಷಣಾ ಆದೇಶವನ್ನು ಮೀರಿದರೆ ಒಂದು ವರ್ಷದ ತನಕ ಜೈಲು ಅಥವಾ 20,000 ರೂಪಾಯಿಯ ತನಕ ದಂಡ, ಅಥವಾ ಎರಡೂ. ಆಗ ವಾರಂಟ್ ಬೇಡ, ಅದು ಜಾಮೀನುರಹಿತ. ಒಂದು ವರ್ಷವೆಂದರೆ ಸಣ್ಣ ಶಿಕ್ಷೆ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಕಣ್ಣಿಗೆ ಇಡೀ ವ್ಯವಸ್ಥೆಯಲ್ಲಿ ಹೆಂಗಸಿನ ಕೈಗೆ ನೇರವಾಗಿ ಸಿಗುವ ಆಯುಧ ಅದೊಂದೇ.

ನಮ್ಮ ಲೈನ್ ಮನೆಯವಳು ಠಾಣೆಯಲ್ಲಿ ಕೇಳಿದ್ದೂ ಅದನ್ನೇ. "ಕೇಸು ಮಾಡಬೇಕಾ, ಹೇಳು" ಎಂದು ಗದರಿದಾಗ, "ಜೈಲಿಗೆ ಹಾಕಬೇಡಿ ಸಾರ್. ಮನೆಗೆ ಬರದ ಹಾಗೆ ಮಾಡಿ" ಎಂದಿದ್ದಳು. ಹಾಗೆಲ್ಲ ಮಾಡಲು ಬರುವುದಿಲ್ಲ ಎಂದು ಉತ್ತರ ಬಂತು. ಬರುತ್ತದೆ ಎಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ, ನನಗೂ.

ಬರುವುದೇನೋ ಹೌದು, ಎಷ್ಟು ದಿನಕ್ಕೆ? ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಮೊದಲ ವಿಚಾರಣೆಯಿಂದ 60 ದಿನದೊಳಗೆ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ಸಂರಕ್ಷಣಾ ಅಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗಳು, ಪೌಷ್ಟಿಕ ಆಹಾರ, ನೇಮಕಾತಿ, ಸಭೆಗಳು ಎಲ್ಲ ಹೊತ್ತವರ ಹೆಗಲಿಗೆ ಇದೂ ಒಂದು. ಕೌಟುಂಬಿಕ ಘಟನಾ ವರದಿ ತಯಾರಾಗಲು ನಾವು ಎರಡು ಸಲ ಹೋದೆವು, ಒಂದು ಸಲ ಅವರು ಸಭೆಯಲ್ಲಿದ್ದರು. ಬಸ್ಸಿಗೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ನಡುವಿನ ಈ ದಿನಗಳಲ್ಲಿ ಅವಳು ಎಲ್ಲಿ ಮಲಗಬೇಕು?

ಅವಳ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೇ ಆಗಿದ್ದೆವು. ಲೈನ್ ಮನೆ ನಮ್ಮದು. ನಮ್ಮ ಪುಸ್ತಕದಲ್ಲಿ ಆ ಕೋಣೆ ಅವನ ಹೆಸರಿನಲ್ಲಿತ್ತು, ಮೂವತ್ತು ಸಾವಿರ ಮುಂಗಡವೂ ಅವನ ಹೆಸರಿನಲ್ಲಿತ್ತು. ದುಡಿದು ತೀರಿಸುತ್ತಿದ್ದವರು ಇಬ್ಬರೂ. ಹನ್ನೆರಡು ವರ್ಷ ಅವಳ ಹೆಸರು ನಮ್ಮ ಪುಸ್ತಕದಲ್ಲಿ "ಹೆಂಡತಿ" ಎಂದಷ್ಟೇ ಇತ್ತು. ಅವಳು ಗಂಡನನ್ನು ಬಿಟ್ಟರೆ ಕೋಣೆ ಹೋಯಿತು, ಕೋಣೆ ಹೋದರೆ ಕೆಲಸ ಹೋಯಿತು. ಕೊಡಗಿನ ಸಾವಿರಾರು ಹೆಂಗಸರು ಇದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದಾರೆ. ಸಂಜೆ ನಮ್ಮವರೊಂದಿಗೆ ಮಾತನಾಡಿದೆ. ಒಂದು ದಿನ ಹಿಂದೆಮುಂದೆ ನೋಡಿದರು, ಕೊಯ್ಲಿನ ಮಧ್ಯೆ ಒಬ್ಬ ಗಂಡಾಳು ಹೋಗುತ್ತಾನಲ್ಲ ಎಂದರು. ಮಾರನೆಯ ದಿನ ಪುಸ್ತಕದಲ್ಲಿ ಕೋಣೆಯನ್ನು ಅವಳ ಹೆಸರಿಗೆ ಬರೆದೆವು. ಮುಂಗಡದ ಅರ್ಧ ಅವನ ಲೆಕ್ಕಕ್ಕೆ ಹೋಯಿತು. ಅವನಿಗೆ ಬೇರೆ ಕಡೆ ನೋಡಿಕೋ ಎಂದೆವು. ಅವನು ಹೋದ. ತೋಟದ ಮಾಲೀಕರು ಮನಸ್ಸು ಮಾಡಿದರೆ ಒಂದು ಸಂಜೆಯಲ್ಲಿ ಆಗುವ ಕೆಲಸ ಇದು. ಆದರೆ ಒಬ್ಬ ಹೆಂಗಸಿನ ಸುರಕ್ಷತೆ ಮಾಲೀಕರ ಮನಸ್ಸಿನ ಮೇಲೆ ನಿಲ್ಲಬಾರದು.

ಆಸ್ಟ್ರಿಯಾದಲ್ಲಿ 1997ರಿಂದ ಒಂದು ಕಾನೂನಿದೆ. ಮನೆಗೆ ಬಂದ ಪೊಲೀಸರಿಗೆ ಅಪಾಯ ಕಂಡರೆ ಅಲ್ಲೇ, ಆ ಕ್ಷಣವೇ, ಹೊಡೆಯುವವನ ಕೈಯಿಂದ ಮನೆಯ ಬೀಗದ ಕೈ ತೆಗೆದುಕೊಂಡು ಅವನನ್ನು ಹೊರಗೆ ಕಳಿಸುತ್ತಾರೆ. ಮನೆ ಯಾರ ಹೆಸರಿನಲ್ಲಿದ್ದರೂ ಸರಿ. ಈಗ ಆ ನಿಷೇಧದ ಅವಧಿ ಎರಡು ವಾರ. ಅಷ್ಟರೊಳಗೆ ಅವಳು ನ್ಯಾಯಾಲಯಕ್ಕೆ ಹೋದರೆ ಅವಧಿ ಬೆಳೆಯುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿ ಮನೆ ಬಿಟ್ಟು ಓಡುವವಳು ಯಾವಾಗಲೂ ಅವಳೇ, ಮಗುವನ್ನು ಎತ್ತಿಕೊಂಡು, ಆನೆಯ ದಾರಿಯಲ್ಲಿ. ಪೊಲೀಸರ ಅಧಿಕಾರ ಹೆಚ್ಚಿಸುವುದಾದರೆ ನನಗೆ ಬೇಕಾದದ್ದು ಈ ಅಧಿಕಾರ. ಅಲ್ಲೇ ನಿಂತು ಅವನನ್ನು ಹೊರಗೆ ಕಳಿಸುವ, ಹೊರಗೆ ಹೋದವನು ತಿರುಗಿ ಬಂದರೆ ಮಾತಿಲ್ಲದೆ ಬಂಧಿಸುವ ಅಧಿಕಾರ. ಮನೆಯೊಳಗಿನ ಹೊಡೆತವನ್ನು ಎನ್‌ಸಿ ಎನ್ನದೆ, ಯಾರು ಕರೆ ಮಾಡಿದರೂ ಕ್ರಮಕ್ಕೆ ಇಳಿಯುವ ಅಧಿಕಾರ. ಇಷ್ಟಕ್ಕೆ ಒಂದು ಕಲಮಿನ ಶಿಕ್ಷೆಯನ್ನೂ ಒಂದು ದಿನ ಹೆಚ್ಚಿಸಬೇಕಾಗಿಲ್ಲ.

ಸಿಕ್ಕಸಿಕ್ಕವರನ್ನು ಬಂಧಿಸಿದರೆ ಆಯಿತು ಎನ್ನುವವರಿಗೆ ಅಮೆರಿಕದ ಅನುಭವ ಹೇಳಬೇಕು. 1981–82ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಲಾರೆನ್ಸ್ ಶರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ಇಬ್ಬರು ಸಂಶೋಧಕರು ಪೊಲೀಸರ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಇಂಥ ಪ್ರಕರಣಗಳಲ್ಲಿ ಕೆಲವರಿಗೆ ಬುದ್ಧಿವಾದ, ಕೆಲವರನ್ನು ಎಂಟು ಗಂಟೆ ಮನೆಯಿಂದ ಹೊರಗೆ, ಕೆಲವರ ಬಂಧನ. ಆರು ತಿಂಗಳ ಪೊಲೀಸ್ ದಾಖಲೆ ನೋಡಿದಾಗ ಬಂಧಿತರಲ್ಲಿ ಮತ್ತೆ ಹಿಂಸೆಗೆ ಇಳಿದವರು ನೂರಕ್ಕೆ 10, ಬುದ್ಧಿವಾದ ಕೇಳಿದವರಲ್ಲಿ 19, ಬರಿಯ ಎಂಟು ಗಂಟೆ ಹೊರಗಿದ್ದವರಲ್ಲಿ 24. ಇದನ್ನು ನೋಡಿ ಅಲ್ಲಿನ ಎಷ್ಟೋ ರಾಜ್ಯಗಳು ಬಂಧನವನ್ನು ಕಡ್ಡಾಯ ಮಾಡಿದವು. ಆಮೇಲೆ ಮಿಲ್ವಾಕಿಯಲ್ಲಿ ಅದೇ ಪ್ರಯೋಗ ಮಾಡಿದಾಗ ಕೆಲಸವಿಲ್ಲದ ಗಂಡಸರಲ್ಲಿ ಬಂಧನದ ನಂತರ ಹಿಂಸೆ ಹೆಚ್ಚಿತು. ಕಳೆದುಕೊಳ್ಳಲು ಕೆಲಸವೂ ಮಾನವೂ ಇರುವವನು ಅಂಜಿದ, ಇಲ್ಲದವನು ಕೆರಳಿದ. ನಮ್ಮಲ್ಲಿ ಕಡ್ಡಾಯ ಬಂಧನ ಬಂದರೆ ಜೀಪು ಹತ್ತುವವರು ಯಾರು ಎಂದು ನನಗೆ ಗೊತ್ತಿದೆ. ಲೈನ್ ಮನೆಯವರು, ಬುಡಕಟ್ಟಿನ ಹಾಡಿಯವರು. ಮೇಜಿನ ಮೇಲೆ ಕೋವಿ ಒರೆಸುವವರಿಗೆ ಒಂದು ಫೋನ್ ಸಾಕು. ಬಂಧಿಸಿದವನು ಎರಡನೆಯ ದಿನ ಅದೇ ಕೋಣೆಗೆ ಮರಳುವುದಾದರೆ ಆ ಬಂಧನದ ಬೆಲೆ ತೆರುವವಳು ಅವಳೇ. ಅದಕ್ಕೇ ನಾನು ಆದೇಶದ ಮೇಲೆ, ಅವನು ತಿರುಗಿ ಬರದಂತೆ ಮಾಡುವುದರ ಮೇಲೆ ಇಷ್ಟು ಒತ್ತು ಕೊಡುತ್ತಿರುವುದು.

ಅವಳಿಗೆ ಆದೇಶ ಸಿಕ್ಕಿದ್ದು ಏಪ್ರಿಲಿನಲ್ಲಿ. ನಾಲ್ಕು ತಿಂಗಳು, ಐದು ವಿಚಾರಣೆ. ತಿಂಗಳಿಗೆ 3,000 ರೂಪಾಯಿ ಜೀವನಾಂಶ ಎಂದೂ ಅದರಲ್ಲಿದೆ. ಇದುವರೆಗೆ ಒಂದು ಪೈಸೆ ಬಂದಿಲ್ಲ. ಎಡಗಿವಿ ಈಗಲೂ ಸರಿಯಾಗಿ ಕೇಳಿಸುವುದಿಲ್ಲ, ಅವಳನ್ನು ಕರೆಯಬೇಕಾದರೆ ಬಲಗಡೆಗೆ ಹೋಗಿ ಕರೆಯುತ್ತೇವೆ. ಆದೇಶ ತಂದ ಸಂಜೆ ನಮ್ಮ ಜಗಲಿಯಲ್ಲಿ ಕೂತು, "ಇದರಲ್ಲಿ ಅವನು ಬರಬಾರದು ಎಂದು ಬರೆದಿರುವುದು ಎಲ್ಲಿ ಅಕ್ಕಾ?" ಎಂದು ಕೇಳಿದಳು. ಅವಳಿಗೆ ಓದಲು ಬರುವುದಿಲ್ಲ. ಮೂರನೆಯ ಪುಟದ ನಡುವಿನ ಎರಡು ಸಾಲು ತೋರಿಸಿದೆ. ಕೂಲಿ ಲೆಕ್ಕಕ್ಕೆ ಬಳಸುವ ಕೆಂಪು ಶಾಯಿಯ ಪೆನ್ನಿನಲ್ಲಿ ಅದರ ಕೆಳಗೆ ಗೆರೆ ಎಳೆದುಕೊಡಿ ಎಂದಳು. ರಾತ್ರಿ ಪೊಲೀಸರು ಬಂದರೆ ಹುಡುಕುತ್ತಾ ಕೂರಬಾರದು, ಬೆರಳಿಟ್ಟು ತೋರಿಸಬೇಕು ಎಂದಳು. ಎಳೆದುಕೊಟ್ಟೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಳು.

ಜೂನಿನ ಮೊದಲ ಮಳೆಯಲ್ಲಿ ಅವನು ಬಂದ. ಕುಡಿದಿದ್ದ, ಕೈಯಲ್ಲಿ ಕಸಿ ಮಾಡುವ ಕತ್ತಿ ಇತ್ತು. ಕರೆಂಟ್ ಇರಲಿಲ್ಲ. ಈ ಸಲ ಅವಳು ಓಡಲಿಲ್ಲ, ಒಳಗಿನಿಂದ ಅಗುಳಿ ಹಾಕಿಕೊಂಡು ನನಗೆ ಫೋನ್ ಮಾಡಿದಳು, ನಾನು 112ಕ್ಕೆ ಮಾಡಿದೆ. ನಮ್ಮವರು ಟಾರ್ಚು ಹಿಡಿದು ಅಂಗಳದಲ್ಲಿ ನಿಂತು ಅವನನ್ನು ಮಾತಿನಲ್ಲಿ ಹಿಡಿದಿಟ್ಟರು. ಮುಕ್ಕಾಲು ಗಂಟೆಯಲ್ಲಿ ಜೀಪು ಬಂತು. ಆದೇಶದ ಪ್ರತಿ ಠಾಣೆಗೂ ಹೋಗಿರಬೇಕು, ಕಾಯ್ದೆ ಹಾಗೆ ಹೇಳುತ್ತದೆ; ಬಂದ ಇಬ್ಬರಿಗೂ ಅದರ ಸುದ್ದಿ ಇರಲಿಲ್ಲ. ಹಿರಿಯರು ಮತ್ತೆ ಅವನ ಹೆಗಲ ಮೇಲೆ ಕೈ ಹಾಕಿ ಆಚೆಗೆ ಕರೆದೊಯ್ಯಲು ಹೊರಟರು. ಅವಳು ಬಾಗಿಲು ತೆಗೆದು ಮಳೆಯಲ್ಲೇ ಬಂದು, ಕವರಿನಿಂದ ಕಾಗದ ತೆಗೆದು, ಇನ್ನೊಬ್ಬ ಹುಡುಗನ ಟಾರ್ಚಿನ ಕೆಳಗೆ ಹಿಡಿದಳು. ಬೆರಳು ಕೆಂಪು ಗೆರೆಯ ಮೇಲಿತ್ತು. ಹುಡುಗ ಗಟ್ಟಿಯಾಗಿ ಓದಿದ. ಎರಡನೆಯ ಸಲ ತನ್ನಷ್ಟಕ್ಕೆ ಓದಿದ. ಆಮೇಲೆ, "ಸಾರ್, ಇದರಲ್ಲಿ ಕರೆದುಕೊಂಡು ಹೋಗಲೇಬೇಕು" ಎಂದ.

ಮಾರನೆಯ ಬೆಳಗ್ಗೆ ಅವಳು ಕಾಗದವನ್ನು ಒಲೆಯ ಹತ್ತಿರ ಒಣಗಿಸಿಕೊಂಡು ತಂದಳು. ಮಳೆಗೆ ಶಾಯಿ ಹರಡಿ ಅರ್ಧ ಪುಟ ಕೆಂಪಾಗಿತ್ತು, ಎರಡು ಸಾಲು ಓದಲು ಆಗುವಂತಿರಲಿಲ್ಲ. ಮೂಲ ಪ್ರತಿ ನನ್ನ ಬೀರುವಿನಲ್ಲಿತ್ತು. ಪೇಟೆಗೆ ಹೋಗಿ ನಾಲ್ಕು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ನಾಲ್ಕರಲ್ಲೂ ಗೆರೆ ಎಳೆದುಕೊಟ್ಟೆ, ಈ ಸಲ ಬಾಲ್ ಪೆನ್ನಿನಲ್ಲಿ.